ಐದನೇ ಲೈನಿನ ಒಂಟಿಗ

ಆ ಕಾಡು ಕಣ್ಣಿಗೆ ಬೀಳುವ ಮೊದಲೇ ಮಂಗಗಳ ವಾಸನೆ ಬಂತು ಎಂದು ಎಷ್ಟೋ ಜನಕ್ಕೆ ಹೇಳಿದ್ದೇನೆ. ಹೇಳಿ ಹೇಳಿ ಈಗ ಅದು ನನಗೇ ನೆನಪಿರುವಂತಾಗಿದೆ. ಆದರೆ ನನ್ನ ನೋಟ್‌ಬುಕ್ಕಿನಲ್ಲಿ ಮೊದಲ ದಿನದ ಎದುರು ಬರೆದಿರುವುದು ಇಷ್ಟೆ: ‘ನೆಗಡಿ. ವಾಸನೆ ಏನೂ ತಿಳಿಯುತ್ತಿಲ್ಲ.’

ಹಾಗಾಗಿ ಇಲ್ಲಿ ನೋಟ್‌ಬುಕ್ಕಿನಲ್ಲಿರುವುದನ್ನು ಇರುವ ಹಾಗೆ ಬರೆಯುತ್ತೇನೆ, ನೆನಪಿನದನ್ನು ನೆನಪು ಎಂದು ಹೇಳಿಯೇ ಬರೆಯುತ್ತೇನೆ. ಎರಡೂ ನನಗೆ ಕೈಕೊಟ್ಟಿವೆ. ಅಥವಾ ಎರಡಕ್ಕೂ ನಾನು ಕೈಕೊಟ್ಟಿದ್ದೇನೆ.

ಯುಗಾಂಡದ ಪಶ್ಚಿಮದಲ್ಲಿ, ಫೋರ್ಟ್ ಪೋರ್ಟಲ್ ಎಂಬ ಪೇಟೆಯ ದಕ್ಷಿಣಕ್ಕೆ, ಒಂದು ಮಳೆಕಾಡಿದೆ. ತೊಂಬತ್ತರ ದಶಕದ ನಡುವೆ, ಅದು ರಾಷ್ಟ್ರೀಯ ಉದ್ಯಾನವಾಗಿ ಇನ್ನೂ ಕೆಲವೇ ವರ್ಷಗಳಾಗಿದ್ದಾಗ, ಅಲ್ಲಿ ಮೂರು ತಿಂಗಳು ಮಂಗಗಳನ್ನೂ ಹಕ್ಕಿಗಳನ್ನೂ ಎಣಿಸುವ ಕೆಲಸ ನನಗೆ ಸಿಕ್ಕಿತು. ಪ್ರವಾಸಿಗರು ಚಿಂಪಾಂಜಿ ನೋಡಲು ಬಂದು ಎರಡು ದಿನಕ್ಕೆ ಹೊರಟುಬಿಡುತ್ತಿದ್ದರು. ನಮ್ಮದು ಬೇರೆ ಬಗೆಯ ನೋಟ. ಕಾಡಿನೊಳಗೆ ಐದು ನೇರ ಕಾಲುದಾರಿಗಳನ್ನು ಕಡಿದಿದ್ದರು, ಒಂದೊಂದೂ ನಾಲ್ಕು ಕಿಲೋಮೀಟರು. ಅವನ್ನು ಲೈನು ಎನ್ನುತ್ತಿದ್ದೆವು. ಬೆಳಗ್ಗೆ ಏಳಕ್ಕೆ ಲೈನಿನ ತುದಿಯಲ್ಲಿ ನಿಂತು, ಗಂಟೆಗೆ ಒಂದು ಕಿಲೋಮೀಟರಿನಂತೆ, ಸದ್ದಿಲ್ಲದೆ ನಡೆಯಬೇಕು. ಐವತ್ತು ಮೀಟರಿಗೊಂದು ತಗಡಿನ ಫಲಕ, ಅದರ ಮೇಲೆ ಸಂಖ್ಯೆ. ಮಂಗಗಳು ಕಂಡರೆ ಹತ್ತು ನಿಮಿಷ ನಿಲ್ಲಬೇಕು, ಅದಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಯಾವ ಫಲಕ, ಯಾವ ಜಾತಿ, ಎಷ್ಟು ತಲೆ, ಲೈನಿನಿಂದ ಎಷ್ಟು ದೂರ, ಎಲ್ಲವನ್ನೂ ನಿಂತಲ್ಲೇ ಪೆನ್ಸಿಲಿನಲ್ಲಿ ಬರೆಯಬೇಕು. ಪೆನ್ನಿನ ಮಸಿ ಮಳೆಗೆ ಹರಿದುಹೋಗುತ್ತಿತ್ತು. ಬಿಡಾರಕ್ಕೆ ಬಂದು ನೆನಪಿನಿಂದ ಬರೆದದ್ದು ಲೆಕ್ಕಕ್ಕಿಲ್ಲ.

ಈ ಕೊನೆಯ ನಿಯಮ ನಮ್ಮ ಎಣಿಕೆಯ ಮುಖ್ಯಸ್ಥೆಯದು. ಆಕೆ ಹೊರದೇಶದವರು, ಐವತ್ತರ ಹತ್ತಿರದವರು, ಕಡಿಮೆ ಮಾತಿನವರು. ಮೊದಲ ವಾರವೇ ನಕ್ಷೆಯ ಮೇಲೆ ಬೆರಳಿಟ್ಟು ನಮಗೆ ಒಂದು ವಿಷಯ ಹೇಳಿದರು. ಐದನೇ ಲೈನು ಕಾಡಿನ ಉತ್ತರದ ತೋಳಿನಲ್ಲಿದೆ. ಎರಡೂ ಕಡೆ ಚಹಾ ತೋಟ, ನಡುವೆ ತೋಳಿನ ಹಾಗೆ ಚಾಚಿದ ಕಾಡು. ದೊಡ್ಡ ಮರಗಳನ್ನು ಹಿಂದೆಯೇ ಕಡಿದಿದ್ದಾರೆ. ಕಪ್ಪು ಬಣ್ಣದ, ಕೆದರಿದ ಕೂದಲಿನ ಮ್ಯಾಂಗಬೆ ಎಂಬ ಮಂಗ ದೊಡ್ಡ ಮರಗಳನ್ನು ನಂಬಿ ಬದುಕುವುದು. ಅದು ಆ ತೋಳಿನಲ್ಲಿ ಇನ್ನೂ ಇದೆಯೇ ಎಂಬುದೇ ಪ್ರಶ್ನೆ. ‘ಒಂದೇ ಒಂದು ಕಣ್ಣಿಗೆ ಬಿದ್ದರೂ ಆ ತೋಳನ್ನು ಮುಂದಿನ ಕೆಲಸಕ್ಕೆ ಸೇರಿಸಿಕೊಳ್ಳುತ್ತೇನೆ. ಅಲ್ಲಿ ಒಂದು ಕಾವಲು ಗುಡಿಸಲು ಉಳಿಯುತ್ತದೆ. ಇಲ್ಲದಿದ್ದರೆ ಬಿಟ್ಟುಬಿಡಬೇಕು. ಕೂಗು ಕೇಳಿಸಿದರೆ ಸಾಲದು, ಅದರ ಕೂಗು ಪಕ್ಕದ ಕಣಿವೆಯಿಂದಲೂ ಬರುತ್ತದೆ. ನೋಡಬೇಕು.’

ನೋಡುವವರನ್ನು ಆಕೆಯೇ ಆರಿಸಿದ್ದರು. ಹಿಂದಿನ ವರ್ಷ ಶ್ರೀರಂಗಪಟ್ಟಣದ ಬಳಿ, ನದಿಯ ನಡುಗಡ್ಡೆಗಳಲ್ಲಿ ಗೂಡುಗಳನ್ನು ನೋಡಲು ಬಂದಿದ್ದಾಗ ಆಕೆಯ ದೋಣಿಗೆ ಹುಟ್ಟು ಹಾಕಿದವರು ಬೆಳಗೊಳದ ಒಬ್ಬರು. ಬೆಳಗೊಳ ನನ್ನ ತಾಯಿಯ ತವರು. ಹಾಗಾಗಿ ಊರ ವರಸೆಯಲ್ಲಿ ಅವರು ನನಗೆ ಮಾವ, ಕ್ಯಾತನಹಳ್ಳಿಯವನಾದ ನಾನು ಅವರಿಗೆ ಅಳಿಯ. ಹಕ್ಕಿಗಳಿಗೆ ಬೆನ್ನು ಹಾಕಿ ಹುಟ್ಟು ಹಾಕುತ್ತಲೇ ಅವರು ಕಿವಿಯಿಂದ ಹೇಳುತ್ತಿದ್ದರು: ಎಡಗಡೆ ಎರಡು, ಮರಿ ಬೇರೆ, ಅಲ್ಲೊಂದು ಹಾವು ನುಗ್ಗಿದೆ. ನಾಗಮಂಗಲದ ಕಡೆಯ ಕೆರೆಗಳಲ್ಲಿ, ಕೆ.ಆರ್. ಪೇಟೆಯ ಕಡೆಯ ಕೆರೆಗಳಲ್ಲಿ ನಾನೂ ಅವರೂ ಚಳಿಗಾಲದ ಬಾತುಗಳನ್ನು ಎಣಿಸಿದ್ದೆವು. ಅವರು ಹೇಳುವುದು, ನಾನು ಬರೆಯುವುದು. ಮುಖ್ಯಸ್ಥೆ ನನ್ನನ್ನು ಕರೆದಾಗ ‘ಆ ಕಿವಿಯೂ ಬರಬೇಕು’ ಎಂದಿದ್ದರು. ಅಂದರೆ ಕಿವಿಯ ಜೊತೆ ನಾನು ಹೋದೆ.

ಮಾವ ನಾಲ್ಕನೇ ಕ್ಲಾಸು ಓದಿದವರು. ಇಂಗ್ಲಿಷು ಒಂದಕ್ಷರ ಬಾರದು. ಎಲೆ ಅಡಿಕೆ ಗಂಟು ಕಟ್ಟಿಕೊಂಡು ಬಂದಿದ್ದರು. ಎಲೆ ಎಂಟೇ ದಿನಕ್ಕೆ ಕೊಳೆತುಹೋಯಿತು. ಸುಣ್ಣದ ಡಬ್ಬಿ ಮಾತ್ರ ಸೊಂಟದಲ್ಲಿ ಉಳಿಯಿತು. ಆಗಾಗ ಮುಚ್ಚಳ ತೆಗೆದು ನೋಡಿ ಮುಚ್ಚುತ್ತಿದ್ದರು.

ಮಂಗಗಳಿಗೆ ಹೆಸರಿಟ್ಟವರು ಅವರೇ. ಕೆಂಪು ಕೊಲಬಸ್ ಮಂಗ ‘ಕೆಂಚ’. ಮೂಗಿನ ಮೇಲೆ ಬಿಳಿ ಮಚ್ಚೆಯಿರುವ ಸಣ್ಣ ಮಂಗವನ್ನು ಮೊದಲ ಸಲ ಕಂಡಾಗ ನನ್ನ ತೋಳು ಹಿಡಿದು ಪಿಸುಗುಟ್ಟಿದರು:

“ಇವ್ನು ನಮ್ಮ ಮೇಲುಕೋಟೆ ಕಡೆಯೋನು ಕಣ್ಲಾ. ಬಿಸ್ಲಿಗೆ ನಾಮ ಇಳ್ದು ಮೂಗ್ಗೆ ಬಂದ್ಬುಟ್ಟದೆ.”

ಅದು ‘ನಾಮದವನು’ ಆಯಿತು. ಕಪ್ಪು ಮೈಗೆ ಬಿಳಿ ಕೂದಲು ಇಳಿಬಿಟ್ಟುಕೊಂಡು ಗಂಟೆಗಟ್ಟಲೆ ಒಂದೇ ಕೊಂಬೆಯಲ್ಲಿ ಕೂರುವ ಇನ್ನೊಂದು ಜಾತಿ ‘ಜಡೆಯಪ್ಪ’.

“ನೋಡು, ಅತ್ತೆ ಮನೆಗೆ ಬಂದಿರೋ ಅಳಿಯನಂಗೆ ಕೂತವ್ನೆ. ತಿನ್ನೋದು, ತೂಕಡ್ಸೋದು.”

“ಅಳಿಯಂದ್ರು ಎಲ್ಲ ಅಂಗಿರಲ್ಲ ಮಾವ.”

“ನೀನು ಬರ್ಕೋ, ಸುಮ್ಕೆ. ನಿನ್ ಬಗ್ಗೆ ಯಾರೇಳಿದ್ರು?”

ಮ್ಯಾಂಗಬೆಗೆ, ನೋಡುವ ಮೊದಲೇ, ಚಿತ್ರಪುಸ್ತಕದ ಹಾಳೆ ತೋರಿಸಿದಾಗ, ‘ಕರಿಯಣ್ಣ’ ಎಂದರು. ನೋಟ್‌ಬುಕ್ಕಿನಲ್ಲಿ ಇವೇ ಅಕ್ಷರಗಳು: ಕೆಂ, ನಾ, ಜ, ಕ.

ನಮ್ಮ ಜೊತೆ ನಡೆಯುತ್ತಿದ್ದ ಮೂರನೆಯವನು ಅಲ್ಲಿಯ ದಾರಿಗಾರ. ಲೈನು ಕಡಿದವನೂ ಅವನೇ, ದಾರಿ ತಪ್ಪಿದರೆ ಹುಡುಕುವವನೂ ಅವನೇ. ಉತ್ತರದ ತೋಳಿನ ಅಂಚಿನಲ್ಲಿ ಅವನ ಮನೆ, ಬಾಳೆತೋಟ. ಅಲ್ಪಸ್ವಲ್ಪ ಇಂಗ್ಲಿಷು ಬರುತ್ತಿತ್ತು. ಮಾವನ ಜೊತೆ ಅದೂ ಬೇಕಾಗಲಿಲ್ಲ. ಲೈನು ಮುಗಿಸಿ ಬಿಡಾರಕ್ಕೆ ಮರಳುವಾಗ ಇಬ್ಬರೂ ತಂತಮ್ಮ ಭಾಷೆಯಲ್ಲಿ ಮಾತಾಡಿಕೊಂಡು, ಹಕ್ಕಿಗಳ ಕೂಗನ್ನು ಒಬ್ಬರಿಗೊಬ್ಬರು ಅಣಕಿಸಿ ತೋರಿಸಿಕೊಂಡು ನಡೆಯುತ್ತಿದ್ದರು. ಅಲ್ಲಿನ ದೊಡ್ಡ ಮಂಗಟ್ಟೆ ಹಕ್ಕಿ ತಲೆಯ ಮೇಲೆ ಹಾರಿದರೆ ರೆಕ್ಕೆಯ ಸದ್ದಿಗೆ ಮೈ ಜುಮ್ಮೆನ್ನುತ್ತದೆ. “ಪಾಂಡವಪುರದ ಫ್ಯಾಕ್ಟ್ರಿ ಆವಿ ಬುಟ್ಟಂಗಾಯ್ತದೆ” ಎಂದು ಮಾವ ಅವನಿಗೆ ಕನ್ನಡದಲ್ಲೇ ವಿವರಿಸಿದರು. ಅವನು ತಲೆಯಾಡಿಸಿದ. ನಾನು ತರ್ಜುಮೆ ಮಾಡಲು ಬಾಯಿ ತೆರೆದರೆ, “ಮಧ್ಯದಲ್ಲಿ ನೀನ್ ಬರ್ಬೇಡ ಕಣ್ಲಾ, ಕೆಡ್ತದೆ” ಎಂದರು.

ನಾಲ್ಕನೇ ವಾರ ನನಗೆ ಮಲೇರಿಯಾ ಹಿಡಿಯಿತು. ಮಳೆ ಹಗಲಿಡೀ ಸುರಿಯುತ್ತಿತ್ತು ಎಂದು ಬರೆಯಲು ಹೊರಟಿದ್ದೆ. ನೋಟ್‌ಬುಕ್ಕಿನಲ್ಲಿ ಆ ದಿನಗಳ ಎದುರು ಮಾವನ ಅಕ್ಷರದಲ್ಲಿ ‘ಬಿಸ್ಲು’ ಎಂದಿದೆ. ಮಳೆ ನನ್ನ ಜ್ವರದ ಒಳಗೆ ಸುರಿಯುತ್ತಿತ್ತೇನೋ. ಅಂತೂ ಹತ್ತು ದಿನ ನಾನು ತಗಡಿನ ಕೋಣೆಯಲ್ಲಿ ಬಿದ್ದಿದ್ದೆ. ಆ ಹತ್ತೂ ದಿನ ಐದನೇ ಲೈನು ನಡೆದವರು ಮಾವ ಮತ್ತು ದಾರಿಗಾರ. ಇಬ್ಬರು ಒಟ್ಟಿಗೆ ನಡೆದರೆ ಸದ್ದಾಗುತ್ತದೆಂದು ದಾರಿಗಾರ ಐವತ್ತು ಹೆಜ್ಜೆ ಹಿಂದೆ. ನೋಡುವುದೂ ಬರೆಯುವುದೂ ಮಾವನೇ.

ಮಧ್ಯಾಹ್ನ ಬಂದು ಕಾಲು ತೊಳೆದು ನನ್ನ ಹಾಸಿಗೆಯ ಪಕ್ಕ ಕೂರುತ್ತಿದ್ದರು. ಹಣೆ ಮುಟ್ಟುತ್ತಿದ್ದರು. ಇಲ್ಲಿಂದ ನೆನಪು, ಅದೂ ಜ್ವರದ ನೆನಪು:

“ಇವತ್ತೂ ಬಂದಿದ್ದ ಕಣ್ಲಾ. ಒಬ್ನೇ.”

ಯಾರು ಎಂದು ನಾನು ಕೇಳಲಿಲ್ಲ. ಯಾರೋ ಬಂದಿದ್ದರು, ಒಬ್ಬರೇ ಬಂದಿದ್ದರು. ಅಷ್ಟರಲ್ಲಿ ಮತ್ತೆ ಚಳಿ ಶುರುವಾಗುತ್ತಿತ್ತು.

ಹನ್ನೊಂದನೇ ದಿನ ಎದ್ದು ಕುಳಿತು ನೋಟ್‌ಬುಕ್ಕಿನಲ್ಲಿ ಅವರು ಬರೆದದ್ದನ್ನು ದೊಡ್ಡ ಹಾಳೆಗಳಿಗೆ ಇಳಿಸಿದೆ. ಕನ್ನಡ ಅಂಕಿಗಳು, ದುಂಡಗೆ, ಒತ್ತಿ ಬರೆದವು. ಫಲಕದ ಸಂಖ್ಯೆ, ಅಕ್ಷರ, ತಲೆಗಳ ಸಂಖ್ಯೆ, ಹೆಜ್ಜೆಯ ಲೆಕ್ಕದಲ್ಲಿ ದೂರ. ಎಡ ಅಂಚಿನಲ್ಲಿ ಪೆನ್ಸಿಲ್ ಮೊನೆ ತಾಗಿದ ಚುಕ್ಕೆಗಳಿದ್ದವು. ಮೊನೆ ಮೊಂಡಾಯಿತೇ ಎಂದು ಹಾಳೆಗೆ ಒತ್ತಿ ನೋಡುವ ಅಭ್ಯಾಸ ನನಗೂ ಇತ್ತು. ನಾಲ್ಕು ಕಡೆ ‘ಕ’ ಎಂಬ ಅಕ್ಷರ, ಅದರ ಮುಂದೆ ತಲೆಗಳ ಸಂಖ್ಯೆ ಇಲ್ಲ. ಕರಿಯಣ್ಣನ ಕೂಗು ಕೇಳಿಸಿದೆ, ಪ್ರಾಣಿ ಕಂಡಿಲ್ಲ ಎಂದುಕೊಂಡೆ. ನಾಲ್ಕೂ ಕಡೆ ‘ಕೂಗು ಮಾತ್ರ’ ಎಂದು ಇಂಗ್ಲಿಷಿನಲ್ಲಿ ಬರೆದೆ.

ಮರುದಿನ ಅವರ ಜೊತೆ ನಡೆದೆ. ಹನ್ನೆರಡನೇ ಫಲಕದ ಬಳಿ ನಾಮದವರ ಗುಂಪು. ಮಾವ ನಿಂತರು. ಮೊದಲು ಕಂಡ ಮಂಗವನ್ನು ನೋಡಿ ಬಲಗೈ ಬೆರಳನ್ನು ಎರಡು ಕಣ್ಣಿಗೂ ಒತ್ತಿಕೊಂಡರು. ತುಟಿ ಅಲುಗಲಿಲ್ಲ. ಎರಡನೆಯದು ಕೊಂಬೆ ದಾಟಿದಾಗ ತುಟಿ ಅಲುಗಿತು: “ಒಂದು.” ಕೊನೆಗೆ “ಎಂಟು” ಎಂದರು. ನನ್ನ ಎಣಿಕೆಯಲ್ಲಿ ಒಂಬತ್ತು. ಮುಂದೆ ಕೆಂಚಗಳ ಗುಂಪು. ನನಗೆ ಹದಿನಾಲ್ಕು, ಅವರಿಗೆ ಹದಿಮೂರು. ಬರೆಯುವ ಮೊದಲು ಪೆನ್ಸಿಲನ್ನು ಒಮ್ಮೆ ಹಾಳೆಗೆ ಒತ್ತಿದರೇ? ಈಗ ಹಾಗೆ ಕಾಣಿಸುತ್ತದೆ. ಆ ದೃಶ್ಯವನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು.

ಆದರೆ ಆ ಗಳಿಗೆಯಲ್ಲಿ ನನಗೆ ಬೇರೆಯೇ ಒಂದು ದೃಶ್ಯ ಕಾಣಿಸಿತು. ಬೆಳಗೊಳದಲ್ಲಿ ತಾಯಿಯ ತವರಿನ ಕಣ. ನನಗೆ ಏಳೋ ಎಂಟೋ ವರ್ಷ. ಭತ್ತದ ರಾಶಿ. ಊರಿನಲ್ಲಿ ರಾಶಿ ಅಳೆಯಲು ಕರೆಯುತ್ತಿದ್ದುದು ಈ ಮಾವನನ್ನೇ. ಅವರ ಕೈಯಲ್ಲಿ ಹಿತ್ತಾಳೆ ಪಟ್ಟಿಯ ಕೊಳಗ. ಮೊದಲ ಕೊಳಗವನ್ನು ತುಂಬಿ ಕಣ್ಣಿಗೊತ್ತಿಕೊಂಡು, ಬಾಯಿ ಬಿಡದೆ, ಪಕ್ಕದ ಮೊರಕ್ಕೆ ಸುರಿಯುತ್ತಾರೆ. ಅದು ದೇವರ ಪಾಲು. ಎರಡನೆಯದಕ್ಕೆ “ಒಂದು” ಎನ್ನುತ್ತಾರೆ. ಹೊಟ್ಟು ಹಾರುವುದು, ಮೊರದ ಅಂಚು ಸೀಳಿರುವುದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ. ನಮ್ಮ ಮನೆಯಲ್ಲಿ ಇದ್ದದ್ದು ಕಬ್ಬು ಮಾತ್ರ. ಕಬ್ಬು ಗಾಡಿಯಲ್ಲಿ ಹೋಗಿ ಫ್ಯಾಕ್ಟರಿಯ ತೂಕಕ್ಕೆ ನಿಲ್ಲುತ್ತದೆ, ಕೊಳಗ ಕಾಣುವುದಿಲ್ಲ. ಆ ಒಂದು ಬೆಳಗ್ಗೆಯ ಚಿತ್ರವೇ ನನ್ನ ಪಾಲಿಗೆ ಇಡೀ ಪದ್ಧತಿಯಾಗಿತ್ತು.

ಅಂದರೆ ಹತ್ತು ದಿನ ಪ್ರತಿ ಗುಂಪಿನಲ್ಲೂ ಒಂದು ತಲೆ ಬಿಟ್ಟುಹೋಗಿದೆ. ಕೆರೆಯ ಸಾವಿರ ಬಾತುಗಳಲ್ಲಿ ಒಂದು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಇಲ್ಲಿ ಮೂರು ನಾಲ್ಕರ ಗುಂಪುಗಳಿದ್ದವು.

ಅವರನ್ನು ಕೇಳಬೇಕಿತ್ತು. ಕೇಳಲಿಲ್ಲ. ಕೊಳಗ ಹಾಕುವವರನ್ನು ನಡುವೆ ಮಾತಾಡಿಸುವುದೇ ತಪ್ಪು. ‘ಸರಿಯಾಗಿ ಅಳೆದಿರಾ’ ಎಂದು ಕೇಳಿದರೆ ಅವರು ಕೊಳಗ ಕೆಳಗಿಟ್ಟು ಎದ್ದು ಹೋಗುತ್ತಾರೆ, ಆ ಮನೆಯ ಕಣಕ್ಕೆ ಮತ್ತೆ ಕಾಲಿಡುವುದಿಲ್ಲ. ಹಾಗೆಂದು ನಾನು ತಿಳಿದಿದ್ದೆ. ಮಾವನ ಮುಖ ನೋಡಿ ಕೇಳುವುದಕ್ಕಿಂತ ಮುಖ್ಯಸ್ಥೆಯ ಮುಂದೆ ಹೋಗಿ ಹೇಳುವುದೇ ನನಗೆ ಸುಲಭವೆನಿಸಿತು.

ಕಣ, ಕೊಳಗ, ದೇವರ ಪಾಲು ಎಲ್ಲವನ್ನೂ ವಿವರಿಸಿದೆ. ಚೆನ್ನಾಗಿಯೇ ವಿವರಿಸಿದೆ. ಆಕೆ ಆಸಕ್ತಿಯಿಂದ ಕೇಳಿ ತಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ಮರುದಿನ ತಾವೇ ಮಾವನ ಹಿಂದೆ ನಡೆದು, ಒಂದು ಗುಂಪಿನ ಬಳಿ ಬೆರಳು ತೋರಿಸಿ ಎಷ್ಟು ಎಂದು ಸನ್ನೆಯಲ್ಲಿ ಕೇಳಿದರು. ಮಾವ ಆರು ಬೆರಳು ಎತ್ತಿದರು. ಮರದಲ್ಲಿದ್ದದ್ದು ಏಳು.

“ಪ್ರತಿ ಗುಂಪಿಗೂ ಒಂದು ಸೇರಿಸಿಬಿಡೋಣ” ಎಂದೆ.

“ಪ್ರತಿ ಸಲವೂ ಬಿಟ್ಟಿದ್ದಾರೆ ಎಂದು ಹೇಗೆ ಗೊತ್ತು? ಅವರನ್ನು ಕೇಳಿದಿರಾ?”

“ಕೇಳಿದೆ” ಎಂದೆ.

“ಏನಂದರು?”

“ಒಮ್ಮೊಮ್ಮೆ ಬಿಡುತ್ತೇನೆ, ಒಮ್ಮೊಮ್ಮೆ ಇಲ್ಲ ಎಂದರು.”

ಯಾಕೆ ಹಾಗೆಂದೆ? ಕೇಳದೆ ಬಂದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು ಎಂದು ಬರೆದರೆ ಓದುವವರಿಗೆ ಸರಿಯೆನಿಸಬಹುದು. ನನಗೆ ಇನ್ನೂ ಸರಿಯೆನಿಸಿಲ್ಲ. ಒಮ್ಮೊಮ್ಮೆ ಎಂದ ಮೇಲೆ ಸರಿಪಡಿಸಲು ದಾರಿ ಇರಲಿಲ್ಲ. ಮುಖ್ಯಸ್ಥೆ ಹತ್ತು ದಿನದ ಹಾಳೆಗಳನ್ನು ಬೇರೆ ಕಡತಕ್ಕೆ ಹಾಕಿದರು. ಮಾವ ಇನ್ನು ಲೈನು ನಡೆಯುವುದು ಬೇಡ, ಬಿಡಾರದಲ್ಲಿ ಬೇರೆ ಕೆಲಸ ನೋಡಲಿ ಎಂದರು. ಅದನ್ನು ಅವರಿಗೆ ಹೇಳುವ ಕೆಲಸ ನನ್ನದಾಯಿತು.

“ಮಾವ, ನಿಮ್ಮ ಮಂಡಿಗೆ ಒಸಿ ವಿಶ್ರಾಂತಿ ಬೇಕು ಅಂತಾವ್ರೆ. ನಾಳೆಯಿಂದ ಬಿಡಾರದಲ್ಲೇ ಇರಬೇಕಂತೆ.”

“ನನ್ ಮಂಡಿಗೇನಾಗದೆ?”

“ಅಲ್ಲ, ವಯಸ್ಸಾಗದೆ ಅಂತ...”

“ಮೇಡಮ್ಮೋರು ನನ್ಗಿಂತ ಏನ್ ಚಿಕ್ಕೋರಾ?” ಎಂದರು. ಆಮೇಲೆ ನನ್ನ ಮುಖವನ್ನು ನೋಡಿದರು. ಎಷ್ಟು ಹೊತ್ತು ನೋಡಿದರೆಂದು ಹೇಳಲಾರೆ. “ಆಯ್ತು ಬುಡು” ಎಂದು ಎದ್ದು ಹೋದರು.

ಅವರು ಸೌದೆ ಒಡೆದರು, ಲೈನುಗಳಿಗೆ ಅಡ್ಡ ಬಿದ್ದ ಬಳ್ಳಿ ಕಡಿದರು, ನೀರಿನ ಡ್ರಮ್ಮು ತುಂಬಿದರು. ನನ್ನ ಜೊತೆ ಊಟಕ್ಕೆ ಕೂತಾಗ ಹಿಂದಿನ ಹಾಗೆಯೇ ಮಾತಾಡುತ್ತಿದ್ದರು, ಹಕ್ಕಿಗಳ ವಿಷಯ ಒಂದನ್ನು ಬಿಟ್ಟು.

ಇದಾದ ಮೂರೋ ನಾಲ್ಕೋ ದಿನಕ್ಕೆ ದಾರಿಗಾರ ಮುಖ್ಯಸ್ಥೆಯ ಬಳಿ ಬಂದ. ನಾನೂ ಅಲ್ಲಿದ್ದೆ.

“ಐದನೇ ಲೈನಿನಲ್ಲಿ ಆ ಕರಿ ಮಂಗ ಇದೆ. ಮುದಿ ಗಂಡು. ಒಂದೇ” ಎಂದ.

“ನೀನು ನೋಡಿದೆಯಾ?”

“ಇವರ ಮಾವ ನೋಡಿದರು. ನಾನು ಹಿಂದಿದ್ದೆ. ಎಲೆ ಅಲುಗಿದ್ದನ್ನು ನೋಡಿದೆ.”

ಮುಖ್ಯಸ್ಥೆ ನನ್ನ ಕಡೆ ತಿರುಗಿದರು. “ಆ ನೋಟ್‌ಬುಕ್ಕಿನಲ್ಲಿ ಏನಿದೆ? ಆ ಹತ್ತು ದಿನವನ್ನು ಎಣಿಕೆಗೆ ಸೇರಿಸುವುದಿಲ್ಲ, ನಿಜ. ಆದರೆ ಒಂದನ್ನು ಕಣ್ಣಾರೆ ನೋಡಿ ನಿಂತಲ್ಲೇ ಬರೆದಿದ್ದರೆ ಅದು ಬೇರೆ ಮಾತು.”

ತೆಗೆದು ನೋಡಿದೆ. ‘ಕ’. ಮುಂದೆ ಖಾಲಿ.

“ಕೂಗು ಮಾತ್ರ” ಎಂದೆ.

ಮಾವ ಅಲ್ಲೇ ಐವತ್ತು ಹೆಜ್ಜೆ ದೂರದಲ್ಲಿ ಸೌದೆ ಒಡೆಯುತ್ತಿದ್ದರು. ಕೊಡಲಿಯ ಸದ್ದು ಕೇಳಿಸುತ್ತಿತ್ತು. ಕರೆದು ಕೇಳಬಹುದಿತ್ತು. ಕರೆದರೆ ಮುಖ್ಯಸ್ಥೆಯ ಎದುರು ಮಾತು ಒಂದರಿಂದ ಇನ್ನೊಂದಕ್ಕೆ ಹೋಗಿ, ನಾನು ಅವರನ್ನು ಕೇಳಿಯೇ ಇರಲಿಲ್ಲ ಎಂಬುದೂ ಹೊರಬೀಳುತ್ತಿತ್ತು. ನೋಟ್‌ಬುಕ್ಕು ಮುಚ್ಚಿದೆ. ದಾರಿಗಾರ ನನ್ನನ್ನೂ ನೋಟ್‌ಬುಕ್ಕನ್ನೂ ನೋಡಿ ಹೊರಟುಹೋದ.

ಆಮೇಲೆ ನಾನೂ ದಾರಿಗಾರನೂ ಐದನೇ ಲೈನನ್ನು ಎಂಟು ಬೆಳಗ್ಗೆ ನಡೆದೆವು. ಒಂದು ದಿನ ಆನೆಗಳು ಅಡ್ಡವಾಗಿ ಅರ್ಧಕ್ಕೇ ಮರಳಿದೆವು. ಒಂದು ದಿನ ಕಟ್ಟಿರುವೆಯ ಸಾಲಿನ ಮೇಲೆ ಕಾಲಿಟ್ಟು ಪ್ಯಾಂಟು ಬಿಚ್ಚಿ ಓಡಿದೆ. ದಾರಿಗಾರ ನಗಲಿಲ್ಲ. ಮಾವ ಇದ್ದಿದ್ದರೆ ಊರಿಗೆಲ್ಲ ಹೇಳುತ್ತಿದ್ದರು. ಕೆಂಚ, ನಾಮದವನು, ಜಡೆಯಪ್ಪ ಸಿಕ್ಕವು. ನೀಲಿ ಟುರಾಕೊ ಹಕ್ಕಿಗಳು ಕೊಂಬೆಯ ಮೇಲೆ ಕೋಳಿಗಳ ಹಾಗೆ ಓಡಾಡಿದವು. ಏಳನೇ ದಿನ ಕಣಿವೆಯಾಚೆಯಿಂದ ಕರಿಯಣ್ಣನ ಕೂಗು ಒಮ್ಮೆ ಬಂತು. ಮೊದಲು ‘ವೂಪ್’ ಎಂದು ಒಂದು ಸದ್ದು, ಉಸಿರು ಹಿಡಿದಷ್ಟು ಹೊತ್ತು ಮೌನ, ಆಮೇಲೆ ನೀರು ಗಂಟಲಲ್ಲಿ ಗುಳುಗುಳಿಸಿದ ಹಾಗೆ. ಎಲೆ ಅಲುಗಲಿಲ್ಲ. ವರದಿಯಲ್ಲಿ ಐದನೇ ಲೈನಿನ ಎದುರು, ಮ್ಯಾಂಗಬೆ ಎಂಬ ಕಡೆ, ‘ಕಂಡುಬಂದಿಲ್ಲ’ ಎಂದಾಯಿತು. ಆ ಪುಟವನ್ನು ಟೈಪು ಮಾಡಿದವನು ನಾನೇ.

ಮಾವ ನನಗಿಂತ ಮೂರು ವಾರ ಮೊದಲೇ ಹೊರಟರು. ಮುಖ್ಯಸ್ಥೆ ರಾಜಧಾನಿಗೆ ಹೋಗುವ ಜೀಪಿನಲ್ಲಿ ಅವರಿಗೆ ಜಾಗ ಮಾಡಿಸಿ, ಕೈ ಹಿಡಿದು ಬೀಳ್ಕೊಟ್ಟರು. ದಾರಿಗಾರ ಬಾಳೆಯೆಲೆಯಲ್ಲಿ ಕಟ್ಟಿದ ಬುತ್ತಿ ತಂದಿದ್ದ. ಅವರಿಬ್ಬರೂ ಏನೋ ಮಾತಾಡಿಕೊಂಡರು, ನಾನು ಮಧ್ಯೆ ಹೋಗಲಿಲ್ಲ. ಜೀಪು ಹತ್ತಿದ ಮೇಲೆ ಮಾವ ಕಿಟಕಿಯಿಂದ ನನ್ನನ್ನು ಕರೆದರು.

“ಲೇ ಅಳಿಯ, ಆ ಒಂಟಿಗನ್ನ ಬರ್ಕೊಂಡ್ರಾ?”

“ಹೂಂ ಮಾವ.”

“ಬುಡು ಅಂಗಾರೆ” ಎಂದು ಹಿಂದಕ್ಕೆ ಒರಗಿದರು. ಮುಖ ಸ್ವಲ್ಪ ಹಗುರಾಯಿತು. ಇದು ನೆನಪು. ಆದರೆ ಇದನ್ನು ಅನುಮಾನಿಸುವಷ್ಟು ಧೈರ್ಯ ನನಗಿಲ್ಲ.

ಎರಡು ವರ್ಷದ ನಂತರ, ಸಂಕ್ರಾಂತಿ ಕಳೆದ ಮೇಲೆ, ಬೆಳಗೊಳಕ್ಕೆ ಹೋಗಿದ್ದೆ. ಆ ಹೊತ್ತಿಗೆ ಬಹಳ ಮಂದಿ ಕಣ ಮಾಡುವುದನ್ನೇ ಬಿಟ್ಟು ಫಸಲನ್ನು ಟಾರು ರಸ್ತೆಗೆ ಹರಡುತ್ತಿದ್ದರು, ಬಸ್ಸು ಲಾರಿಗಳೇ ತುಳಿದು ಕೊಡುತ್ತಿದ್ದವು. ನನ್ನ ಸ್ವಂತ ಸೋದರಮಾವ ಮಾತ್ರ ಹಟ ಹಿಡಿದು ಕಣ ಬಳಿಸಿದ್ದರು. ರಾಶಿ ಅಳೆಯಲು ಅವರನ್ನೇ ಕರೆಸಿದ್ದರು, ನನ್ನ ಕಾಡಿನ ಮಾವನನ್ನು. ನಾನು ಹುಲ್ಲಿನ ಮೆದೆಗೆ ಒರಗಿ ನಿಂತಿದ್ದೆ.

ಮೊದಲ ಕೊಳಗ ತುಂಬಿದರು. ಕಣ್ಣಿಗೊತ್ತಿಕೊಂಡರು. ಬಾಯಿ ಬಿಡದೆ ಮೊರಕ್ಕೆ ಸುರಿದರು. ಎಲ್ಲ ನನ್ನ ನೆನಪಿನ ಹಾಗೆಯೇ. ಆಮೇಲೆ ಕೊಳಗ ಕೆಳಗಿಟ್ಟು, ಸೊಂಟದಿಂದ ಸುಣ್ಣದ ಡಬ್ಬಿ ತೆಗೆದು, ಬೆರಳ ತುದಿಗೆ ಸುಣ್ಣ ಹಚ್ಚಿಕೊಂಡು, ಕಣದ ನಡುವಿನ ಮೇಟಿ ಕಂಬಕ್ಕೆ ಒಂದು ಬೊಟ್ಟು ಇಟ್ಟರು. ಆಮೇಲೆ “ಒಂದು” ಎಂದರು.

ಅಳತೆ ಮುಗಿದ ಮೇಲೆ ಸೋದರಮಾವ ಕೇಳಿದರು: “ಎಷ್ಟಾಯ್ತು?”

“ಬಾಯಲ್ಲಿ ನಲವತ್ತಾರು. ಕಂಬದಲ್ಲೊಂದು. ನಲವತ್ತೇಳು.”

“ಆ ಬೊಟ್ಟು ಯಾಕೆ?” ಎಂದು ಸೋದರಮಾವನನ್ನು ಕೇಳಿದೆ.

“ದೇವರ ಪಾಲ್ನ ಬಾಯಲ್ಲಿ ಎಣಿಸ್ಬಾರ್ದು ಕಣಪ್ಪ. ಅಂಗಂತ ಲೆಕ್ಕ ಬುಡಕ್ಕಾದದಾ? ಕೈಯಲ್ಲಿ ಬೊಟ್ಟಿಡ್ಬೇಕು. ಇಷ್ಟೂ ಗೊತ್ತಿಲ್ವಾ, ಯಾವೂರ್ಲಾ ನಿಂದು?”

ಅವತ್ತೇ ಕ್ಯಾತನಹಳ್ಳಿಗೆ ಬಂದು ಟ್ರಂಕಿನಿಂದ ನೋಟ್‌ಬುಕ್ಕು ತೆಗೆದೆ. ಹತ್ತು ದಿನದ ಪ್ರತಿ ಸಾಲಿಗೂ ಎಡ ಅಂಚಿನಲ್ಲಿ ಚುಕ್ಕೆ. ಒಂದೇ ಒಂದು ಸಾಲನ್ನೂ ಬಿಟ್ಟಿರಲಿಲ್ಲ. ನಾ, ಎಂಟು, ಚುಕ್ಕೆ. ಕೆಂ, ಹದಿಮೂರು, ಚುಕ್ಕೆ. ನಾಲ್ಕು ಕಡೆ: ಕ, ಮುಂದೆ ಖಾಲಿ, ಹಿಂದೆ ಚುಕ್ಕೆ. ಇದ್ದದ್ದೇ ಒಂದು, ಅದು ಬೊಟ್ಟಿಗೆ ಹೋಗಿತ್ತು, ಬಾಯಲ್ಲಿ ಎಣಿಸಲು ಎರಡನೆಯದಿರಲಿಲ್ಲ. ಫಲಕಗಳು ಮೂವತ್ತೊಂದು, ಮೂವತ್ತೊಂದು, ಮೂವತ್ಮೂರು, ಮೂವತ್ತು. ಖಾಲಿಯ ಆಚೆ, ನಾನು ಕಣ್ಣು ಹಾಯಿಸದೆ ಬಿಟ್ಟ ಕಡೆ, ದೂರವನ್ನೂ ಬರೆದಿದ್ದರು: ಇಪ್ಪತ್ತು ಹೆಜ್ಜೆ, ಹದಿನೆಂಟು ಹೆಜ್ಜೆ. ಕೂಗಿಗೆ ಯಾರೂ ಹೆಜ್ಜೆ ಎಣಿಸುವುದಿಲ್ಲ.

ನನ್ನ ಕಣದ ಚಿತ್ರದಲ್ಲಿ ಹೊಟ್ಟು ಇತ್ತು, ಸೀಳಿದ ಮೊರ ಇತ್ತು, ಹಿತ್ತಾಳೆ ಪಟ್ಟಿ ಇತ್ತು. ಬೊಟ್ಟು ಇರಲಿಲ್ಲ. ಅಷ್ಟೆಲ್ಲ ಸ್ಪಷ್ಟವಾಗಿದ್ದ ಚಿತ್ರದಲ್ಲಿ ಇಲ್ಲದ್ದನ್ನು ಹುಡುಕಬೇಕೆಂದು ಯಾರಿಗೆ ಹೊಳೆಯುತ್ತದೆ?

ಮುಖ್ಯಸ್ಥೆಗೆ ಎಲ್ಲವನ್ನೂ ಬರೆದೆ, ‘ಕೇಳಿದೆ’ ಎಂದದ್ದು ಸುಳ್ಳು ಎಂಬುದನ್ನೂ. ಮೂರು ತಿಂಗಳಿಗೆ ಉತ್ತರ ಬಂತು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಚೆನ್ನಾಗಿತ್ತು. ವರದಿ ಹೊರಬಂದು ವರ್ಷದ ಮೇಲಾಗಿದೆ, ಉತ್ತರದ ತೋಳಿನ ಗುಡಿಸಲನ್ನು ತೆಗೆದಿದ್ದಾರೆ, ದಾರಿಗಾರ ಈಗ ಚಹಾ ತೋಟದಲ್ಲಿ ಕೆಲಸ ಮಾಡುತ್ತಾನೆ. ಎರಡು ವರ್ಷದ ಮೇಲೆ ಅರ್ಥ ಹಚ್ಚಿದ ಚುಕ್ಕೆಯನ್ನು ದಾಖಲೆ ಎಂದು ತೆಗೆದುಕೊಳ್ಳಲಾಗದು. ಕೊನೆಯಲ್ಲಿ ಒಂದು ಸಾಲು: ‘ನಾನೂ ಅವರನ್ನು ಕೇಳಬಹುದಿತ್ತು.’

ಆ ಪತ್ರ ಜೇಬಿನಲ್ಲಿಟ್ಟುಕೊಂಡು ಮಾವನನ್ನು ಹುಡುಕಿಕೊಂಡು ನದಿಗೆ ಹೋದೆ. ದೋಣಿಯನ್ನು ದಡಕ್ಕೆ ಮಗುಚಿ ಹಾಕಿ ಬಿರುಕಿಗೆ ಟಾರು ಮೆತ್ತುತ್ತಿದ್ದರು. ನಡುಗಡ್ಡೆಯ ಮರಗಳಲ್ಲಿ ಕೊಕ್ಕರೆಗಳು ಗದ್ದಲ ಮಾಡುತ್ತಿದ್ದವು. ಕೂತುಕೊಂಡೆ.

“ಮಾವ, ಆ ಒಂಟಿಗನ್ನ ಬರ್ಕೊಂಡಿಲ್ಲ.”

ಅವರು ಕೈ ನಿಲ್ಲಿಸಲಿಲ್ಲ.

“ನಾನು ಬರ್ದಿದ್ನಲ್ಲ.”

“ನಂಗೆ ಓದಕ್ಕೆ ಬರ್ಲಿಲ್ಲ. ಬೊಟ್ಟು ಅಂತ ತಿಳೀಲಿಲ್ಲ. ನೀವು ಲೆಕ್ಕ ಬುಟ್ಟಿದ್ದೀರಿ ಅಂತ ನಾನೇ ಮೇಡಮ್ಮೋರಿಗೆ ಹೇಳ್ದೆ. ಅದಕ್ಕೇ ನಿಮ್ಮನ್ನ ಲೈನಿಂದ ತೆಗ್ದಿದ್ದು. ಮಂಡಿಗಲ್ಲ.”

“ಮಂಡಿಗಲ್ಲ ಅಂತ ಅವತ್ತೇ ಗೊತ್ತಿತ್ತು ಕಣ್ಲಾ. ನನ್ ಮಂಡಿ ನಂಗೊತ್ತಿಲ್ವಾ?” ಟಾರಿನ ಕಡ್ಡಿಯನ್ನು ಡಬ್ಬಿಗೆ ಅದ್ದಿದರು. “ಕೇಳಿದ್ರೆ ಹೇಳ್ತಿದ್ದೆ.”

“ಕೇಳಿದ್ರೆ ಎದ್ದು ಹೋಗ್ಬುಡ್ತೀರಿ ಅಂತ...”

“ಯಾರೋ ಎದ್ದೋದ್ರಂತೆ, ನಾನಲ್ಲ.”

ಒಂದು ಬಿರುಕು ಮುಗಿಸಿ ಇನ್ನೊಂದಕ್ಕೆ ಹೋದರು. ಆಮೇಲೆ, ನನ್ನ ಕಡೆ ನೋಡದೆ:

“ಅಲ್ಲಿ ಈಗ ಕಾವ್ಲು ಇಲ್ವಾ?”

“ಇಲ್ಲ ಮಾವ.”

“ಅವ್ನಿಗೆ ಎಡಗೈಲಿ ಎರಡು ಬೆರ್ಳಿರ್ಲಿಲ್ಲ. ಯಾರೋ ಉರುಳಾಕಿದ್ರು ಅನ್ಸತದೆ. ಒಂದೇ ಕೈಯಲ್ಲಿ ಅಣ್ಣು ಕಿತ್ಕಂಡು ತಿಂತಿದ್ದ. ನನ್ನ ನೋಡ್ದ, ಓಡ್ಲಿಲ್ಲ.” ಕಡ್ಡಿಯನ್ನು ದೋಣಿಯ ಅಂಚಿಗೆ ಒರೆಸಿದರು. “ಅದ್ನಾರ ಬರ್ಕೋ.”

ಬಿಡಾರಕ್ಕೆ ಬಂದು ನೆನಪಿನಿಂದ ಬರೆದದ್ದು ಲೆಕ್ಕಕ್ಕಿಲ್ಲ. ಆದರೂ ಬರೆಯುತ್ತೇನೆ.

ಐದನೇ ಲೈನು. ಫಲಕ ಮೂವತ್ತೊಂದು. ಬಿಸಿಲು. ಕ. ಎಡಗೈಗೆ ಎರಡು ಬೆರಳಿಲ್ಲ. ಇಪ್ಪತ್ತು ಹೆಜ್ಜೆ. ಒಂದು.